ಮಗುವಿನ ಮೊದಲನೆಯ ಗಾಳ

ಓದತಕ್ಕ ಭಾಗಗಳು: ಮತ್ತಾಯ 17:24–27, ಮಾರ್ಕ 1:16–20, ಧರ್ಮೋಪದೇಶಕಾಂಡ 22:6–7.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿರುವ ನಮ್ಮ ಸಭೆಗಳೊಳಗೆ ನೀರಿಗೆ ದೂರವಾದ ಹಳ್ಳಿ ಅಪರೂಪ. ಕಪಿಲೆಯೋ ಕಾವೇರಿಯೋ, ಹುಲ್ಲಹಳ್ಳಿಯ ನಾಲೆಯೋ ರಾಂಪುರದ ನಾಲೆಯೋ, ಯಾವದೂ ಇಲ್ಲವಾದರೆ ಊರ ಮುಂದಣ ಕೆರೆಯಾದರೂ ಇರುವದು. ಆದಕಾರಣ ನಮ್ಮ ಮಕ್ಕಳು ಇಂದಲ್ಲ ನಾಳೆ ಗಾಳ ಹಿಡಿಯುವರು. ಹಿಡಿಯಕೂಡದೆಂದು ತಡೆಯುವದು ಯಾರಿಂದಲೂ ಆಗದು. ತಡೆಯುವದಕ್ಕೆ ಕಾರಣವೂ ಇಲ್ಲ. ನಾವು ವಿಚಾರಿಸಬೇಕಾದದ್ದು ಬೇರೆ ಒಂದು ಉಂಟು. ಮೊದಲನೆಯ ಸಾರಿ ಮಗುವಿನ ಕೈಹಿಡಿದು ನೀರಿನ ಬಳಿಗೆ ಕರಕೊಂಡು ಹೋಗುವವರು ಯಾರು? ತಂದೆಯೋ, ಇಲ್ಲವೆ ಬೀದಿಯ ದೊಡ್ಡ ಹುಡುಗರೋ?

ಈಗಿನ ದಿನಗಳಲ್ಲಿ ಅನೇಕ ತಂದೆಗಳು ಹೊತ್ತು ಹುಟ್ಟುವದಕ್ಕೆ ಮುಂಚೆ ನಂಜನಗೂಡಿನ ಕಾರ್ಖಾನೆಗಳಿಗೂ ಮೈಸೂರಿನ ಕಟ್ಟಡದ ಕೆಲಸಗಳಿಗೂ ಹೊರಟು, ಮಕ್ಕಳು ಮಲಗಿದ ಮೇಲೆ ಮನೆಗೆ ಬರುತ್ತಾರೆ. ಹೀಗಿರಲಾಗಿ ಮಗು ನೀರಿನ ವಿದ್ಯೆಯನ್ನು ಹತ್ತು ಹನ್ನೆರಡು ವರುಷದ ಹುಡುಗರಿಂದ ಕಲಿಯುವದು. ಅವರು ಕೆಟ್ಟವರೆಂದು ನಾವು ಹೇಳುವದಿಲ್ಲ. ಆದರೆ ಅವರು ಕಲಿಸುವದೇನು? ಕಾವಲುಗಾರನಿಲ್ಲದ ಹೊತ್ತು ನೋಡಿ ಗುತ್ತಿಗೆಯ ಕೆರೆಗೆ ಇಳಿಯುವದನ್ನೂ, ಮರಿಯೆನ್ನದೆ ತಾಯಿಯೆನ್ನದೆ ಸಿಕ್ಕಿದ್ದನ್ನೆಲ್ಲಾ ಬಕೆಟ್ಟಿಗೆ ತುಂಬುವದನ್ನೂ, ನೆಲದ ಮೇಲೆ ಹೊರಳಾಡುವ ಮೀನನ್ನು ಕಾಲಿನಿಂದ ಒದ್ದು ನಗುವದನ್ನೂ ಕಲಿಸುವರು. ಒಮ್ಮೆ ಹೀಗೆ ಕಲಿತದ್ದನ್ನು ಮರೆಸುವದಕ್ಕೆ ಭಾನುವಾರದ ಪಾಠಶಾಲೆಯಲ್ಲಿ ನಾವು ಎಷ್ಟು ವರುಷ ದುಡಿದರೂ ಸಾಲದು.

ಮಾರ್ಕನು ಬರೆದ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಯಾಕೋಬನೂ ಯೋಹಾನನೂ ಕರೆಯಲ್ಪಟ್ಟ ಸಂಗತಿಯನ್ನು ನಮ್ಮ ಸಭೆಗಳಲ್ಲಿ ಕೇಳದವರಿಲ್ಲ. ಅವರು ದೋಣಿಯನ್ನೂ ತಂದೆಯನ್ನೂ ಬಿಟ್ಟುಹೋದರೆಂಬುದೇ ಪ್ರಸಂಗಗಳಲ್ಲಿ ಬರುವ ಮಾತು. ಆದರೆ ಕರ್ತನು ಬಂದಾಗ ಆ ದೋಣಿಯಲ್ಲಿ ಯಾರು ಯಾರು ಇದ್ದರೆಂಬದನ್ನು ಸ್ವಲ್ಪ ನಿಂತು ನೋಡಿರಿ. ಜೆಬೆದಾಯನು ಇದ್ದನು, ಮಕ್ಕಳಿಬ್ಬರಿದ್ದರು, ಕೂಲಿಯಾಳುಗಳೂ ಇದ್ದರು. ಮಕ್ಕಳು ಬಲೆಗಳನ್ನು ಸರಿಮಾಡುತ್ತಾ ಇದ್ದರು. ಹರಿದ ಬಲೆಯನ್ನು ಕಟ್ಟುವ ಕೆಲಸವನ್ನು ಒಂದು ದಿನದಲ್ಲಿ ಕಲಿಯಲಾಗದು. ಮುಂಗೈಯುದ್ದದ ಮಗುವಾಗಿದ್ದಾಗಲೇ ತಂದೆಯ ಮಗ್ಗುಲಲ್ಲಿ ಕೂತು ಕಲಿತಿರಬೇಕು. ಜೆಬೆದಾಯನ ಬಾಯಿಂದ ಬಂದ ಒಂದು ಮಾತಾದರೂ ಸತ್ಯವೇದದಲ್ಲಿ ಬರೆದಿಲ್ಲ. ಆದರೂ ಅವನ ಮಗ್ಗುಲಲ್ಲಿ ಬೆಳೆದ ಇಬ್ಬರು ಅಪೊಸ್ತಲರಾದರು. ತಾಳ್ಮೆಯನ್ನೂ ರಾತ್ರಿಯ ಎಚ್ಚರವನ್ನೂ ಬರಿಗೈಯಲ್ಲಿ ದಡಕ್ಕೆ ಹಿಂತಿರುಗುವ ಧೈರ್ಯವನ್ನೂ ಅವರು ಮೊದಲು ಕಲಿತದ್ದು ಅವನ ದೋಣಿಯಲ್ಲಿಯೇ ಎಂದು ನಾವು ನೆನಸುತ್ತೇವೆ.

ಇನ್ನು ಗಾಳದ ವಿಷಯ. ಹೊಸ ಒಡಂಬಡಿಕೆಯಲ್ಲಿ ಮೀನು ಹಿಡಿಯುವ ಮಾತು ಬಂದಲ್ಲೆಲ್ಲಾ ಬಲೆಯೇ ಕಾಣುವದು. ಗಾಳವು ಒಂದೇ ಕಡೆ ಕಾಣುವದು. ಅದು ಮತ್ತಾಯ 17ನೆಯ ಅಧ್ಯಾಯದ ಕಡೇ ವಚನ. ದೇವಾಲಯದ ತೆರಿಗೆಯನ್ನು ಎತ್ತುವವರು ಕಪೆರ್ನೌಮಿನಲ್ಲಿ ಪೇತ್ರನನ್ನು ಕೇಳಿದಾಗ, ಕರ್ತನು ಅವನನ್ನು ಸಮುದ್ರಕ್ಕೆ ಕಳುಹಿಸಿ, ಗಾಳಹಾಕಿ ಮೊದಲು ಸಿಕ್ಕುವ ಮೀನನ್ನು ಎತ್ತಬೇಕೆಂದೂ ಅದರ ಬಾಯಲ್ಲಿರುವ ನಾಣ್ಯವನ್ನು ತನಗೋಸ್ಕರವೂ ಅವನಿಗೋಸ್ಕರವೂ ಕೊಡಬೇಕೆಂದೂ ಅಪ್ಪಣೆಕೊಟ್ಟನು. ಪೇತ್ರನು ಬಲೆಯವನು, ಪಾಲುಗಾರರೊಂದಿಗೆ ರಾತ್ರಿಯೆಲ್ಲಾ ದುಡಿದು ದೋಣಿ ತುಂಬಿಸುವ ವ್ಯಾಪಾರದವನು. ಅಂಥವನ ಕೈಗೆ ಒಂದು ಗಾಳವನ್ನು ಕೊಡುವದು, ಎರಡು ಜೋಡಿ ಎತ್ತು ಹೂಡುವ ಒಕ್ಕಲಿಗನಿಗೆ ಕುಡುಗೋಲು ಕೊಟ್ಟು ಒಂದು ಹಿಡಿ ಹುಲ್ಲು ತಾ ಅಂದ ಹಾಗೆ. ಸಿಕ್ಕಿದ್ದು ಒಂದೇ ಮೀನು. ನಾಣ್ಯವು ಇಬ್ಬರ ತೆರಿಗೆಗೆ ಸರಿಹೋಯಿತು; ಉಳಿದದ್ದಿಲ್ಲ. ಇಷ್ಟನ್ನೂ ಕರ್ತನು ಮಾಡಿಸಿದ್ದು ಯಾಕಂದರೆ, ಬೇರೆಯವರ ಮನಸ್ಸಿಗೆ ಬೇಸರವಾಗದಿರಲಿ ಎಂದೇ. ಬೇಕಾದಷ್ಟನ್ನೇ, ಯಾರ ಮನಸ್ಸನ್ನೂ ನೋಯಿಸದೆ, ಏನು ತೆಗೆದುಕೊಳ್ಳುತ್ತೇವೆಂದು ಕಣ್ಣಿಟ್ಟು ನೋಡಿ ತೆಗೆದುಕೊಳ್ಳುವದು: ಮಗುವಿನ ಮೊದಲನೆಯ ಗಾಳಕ್ಕೆ ಇದಕ್ಕಿಂತ ತಕ್ಕ ಪಾಠ ನಮಗೆ ಬೇರೆ ತೋರುವದಿಲ್ಲ.

ಆ ಮೀನು ಯಾವ ಜಾತಿಯದೆಂದು ಮಕ್ಕಳು ತಪ್ಪದೆ ಕೇಳುವರು. ಗಲಿಲಾಯದ ದಡದಲ್ಲಿ ಪೇತ್ರನ ಮೀನೆಂಬ ಹೆಸರಿನಿಂದ ಯಾತ್ರಿಕರಿಗೆ ಬಡಿಸುವ ಮೀನು ನಮ್ಮ ಕೆರೆಗಳಲ್ಲಿರುವ ಜಿಲೇಬಿ ಮೀನಿಗೆ ಹತ್ತಿರದ ನೆಂಟನು. ಆದರೆ ಆ ಸಮುದ್ರದ ದಡದಲ್ಲಿಯೇ ಮೀನುಗಾರನಾಗಿದ್ದು ಅದರ ಚರಿತ್ರೆಯನ್ನು ಬರೆದ ಮೆಂಡೆಲ್ ನನ್ ಎಂಬವರು ಬೇರೆ ಹೇಳುತ್ತಾರೆ. ಅಲ್ಲಿಯ ಆ ಮೀನು ನೀರಿನಲ್ಲಿ ತೇಲುವ ಸೂಕ್ಷ್ಮವಾದ ಆಹಾರವನ್ನು ತಿನ್ನುವಂಥದ್ದಾದ್ದರಿಂದ ಗಾಳಕ್ಕೆ ಬೀಳದು. ಪೇತ್ರನಿಗೆ ಸಿಕ್ಕಿದ್ದು ಮೀಸೆಯುಳ್ಳ ಗೆಂಡೆಯ ಕುಲದ ಮೀನಾಗಿರಬೇಕು ಎಂಬದು ಅವರ ಅಭಿಪ್ರಾಯ. ಹಾಗಾದರೂ ನಮಗೆ ನಷ್ಟವಿಲ್ಲ. ಗೆಂಡೆಯ ಕುಲದವು ಕಪಿಲೆಯಲ್ಲಿ ಬೇಕಾದಷ್ಟು ಉಂಟು. ಜಿಲೇಬಿಯಾದರೋ ನಮ್ಮ ದೇಶದ್ದಲ್ಲ. ಆಫ್ರಿಕಾ ಖಂಡದ ಈ ಮೀನನ್ನು 1952ರಲ್ಲಿ ಮೊದಲು ಭಾರತಕ್ಕೆ ತಂದರು. ಅದು ಈಗ ಕೆರೆ ಕಟ್ಟೆಗಳಲ್ಲೆಲ್ಲಾ ತುಂಬಿಕೊಂಡು ನಾಡಿನ ಮೀನುಗಳ ಜಾಗವನ್ನು ಹಿಡಿದಿದೆ. ನಮ್ಮ ಜಿಲೇಬಿಯು ಗಾಳಕ್ಕೆ ಸುಲಭವಾಗಿ ಬೀಳುವದರಿಂದ, ಚಿಕ್ಕ ಮಗುವಿನ ಮೊದಲನೆಯ ಮೀನು ಹೆಚ್ಚಾಗಿ ಅದೇ ಆಗಿರುವದು.

ಯಾವ ನೀರಿಗೆ ಹೋಗಬೇಕು? ಐದಾರು ವರುಷದ ಮಗುವನ್ನು ಮೊದಲನೆಯ ಸಾರಿ ಹೊಳೆಗೆ ಕರಕೊಂಡು ಹೋಗಬಾರದೆಂದು ನಾವು ಗಟ್ಟಿಯಾಗಿ ಹೇಳುತ್ತೇವೆ. ನರಸೀಪುರದ ಕೂಡಲಲ್ಲಂತೂ ಬೇಡವೇ ಬೇಡ. ಎರಡು ಹೊಳೆ ಸೇರುವಲ್ಲಿ ಮೇಲೆ ತಿಳಿಯಾಗಿ ಕಂಡ ನೀರು ಕೆಳಗೆ ಎಳೆಯುವದು. ಮರಳು ತೆಗೆದ ಕಡೆಗಳಲ್ಲಿ ಮೊಳಕಾಲುದ್ದದ ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಆಳಿನುದ್ದದ ಗುಂಡಿ ಸಿಕ್ಕುವದುಂಟು. ಕಪಿಲೆಯಲ್ಲಿಯೂ ಕಾವೇರಿಯಲ್ಲಿಯೂ ಮೊಸಳೆಗಳಿವೆ. ಇನ್ನೊಂದು ಸಂಗತಿಯನ್ನು ಹಳಬರೂ ಮರೆಯುತ್ತಾರೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಕಬಿನಿಯ ಅಣೆಕಟ್ಟು ವಯನಾಡಿನ ಮಳೆಯಿಂದ ತುಂಬುವದು. ಅಲ್ಲಿ ಬಾಗಿಲೆತ್ತಿದರೆ, ನಂಜನಗೂಡಿನಲ್ಲಿ ಬಿಸಿಲು ಕಾಯುತ್ತಿದ್ದರೂ ಹೊಳೆಯು ಏರುವದು. 2018ರಲ್ಲಿಯೂ 2019ರಲ್ಲಿಯೂ ಹೀಗೆ ಬಂದ ನೀರು ನಂಜನಗೂಡಿನ ಬೀದಿಗಳಿಗೆ ನುಗ್ಗಿದ್ದನ್ನು ಕಂಡವರು ನಮ್ಮೊಳಗೆ ಅನೇಕರಿದ್ದಾರೆ. ಆಕಾಶವನ್ನು ನೋಡಿ ಹೊಳೆಯ ಮನಸ್ಸನ್ನು ತಿಳಿಯುವ ಕಾಲ ಹೋಯಿತು.

ಲೋಕಾರೋಗ್ಯ ಸಂಸ್ಥೆಯವರ ಲೆಕ್ಕದ ಪ್ರಕಾರ 2021ರಲ್ಲಿ ಲೋಕದಲ್ಲೆಲ್ಲಾ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ 5 ವರುಷ ತುಂಬದ ಮಕ್ಕಳು. ಮುಳುಗುವ ಮಗು ಕೂಗಿಕೊಳ್ಳುವದೆಂದು ನಂಬಬೇಡಿರಿ. ಅದರ ಬಾಯಿ ನೀರಿನೊಳಗಿರುವಾಗ ಕೂಗುವದು ಹೇಗೆ? ಸದ್ದಿಲ್ಲದೆ ಹೋಗಿಬಿಡುವದು. ತಂದೆಯು ಒಂದು ಕೈಯಳತೆಯ ದೂರದಲ್ಲಿರತಕ್ಕದ್ದು; ಅವನ ಕೈಯಲ್ಲಿ ಮೊಬೈಲು ಇರತಕ್ಕದ್ದಲ್ಲ. ನಾಲೆಯಲ್ಲಿ ನೀರು ತುಂಬಿ ಓಡುವಾಗ ಅದರ ಕಲ್ಲುಕಟ್ಟಿದ ಅಂಚೂ ಹೊಳೆಯಷ್ಟೇ ಕೆಟ್ಟದ್ದು. ಪಾಚಿ ಹಿಡಿದ ಇಳಿಜಾರಿನಲ್ಲಿ ಜಾರಿದ ಮಗು ಮತ್ತೆ ಹತ್ತಲಾರದು. ಬೇಸಗೆಯ ಮೊದಲಲ್ಲಿ ಮೊಳಕಾಲಿಗಿಂತ ಕಡಿಮೆ ನೀರಿರುವ ಕೆರೆಯ ಅಂಗಳದಂಚು, ಇಲ್ಲವೆ ಗದ್ದೆಯ ಮಗ್ಗುಲಿನ ಕಿರುಗಾಲುವೆ, ಇಷ್ಟೇ ಸಾಕು. ಬೆರಳುದ್ದದ ಸಸಲು ಮೀನು ಸಿಕ್ಕಿದರೂ ಮಗುವಿಗೆ ಅದು ತಿಮಿಂಗಿಲವೇ.

ಆ ಕೆರೆ ಯಾರದೆಂದು ಕೇಳಿಕೊಂಡೇ ಹೋಗಬೇಕು. ಕೆರೆಗಳ ಮೀನಿನ ಹಕ್ಕನ್ನು ಮೀನುಗಾರರ ಸಹಕಾರ ಸಂಘಗಳಿಗಾಗಲಿ ಬೇರೆಯವರಿಗಾಗಲಿ ಗುತ್ತಿಗೆಗೆ ಕೊಡುವದುಂಟು. ಹೊಳೆಗೆ ಮೀನುಗಾರಿಕೆ ಇಲಾಖೆಯ ಪರವಾನಗಿ ಉಂಟು. ಮರಿಗಳನ್ನು ಸಾಲ ತೆಗೆದು ಬಿಟ್ಟವನ ಕೆರೆಯಲ್ಲಿ ಕೇಳದೆ ಗಾಳಹಾಕಿದರೆ ಅದು ಕಳ್ಳತನವೇ. ಒಂದು ಮೀನಿಗೇನು ಎಂದು ಹೇಳುವವರು ಒಂದು ತೆಂಗಿನಕಾಯಿಗೇನು ಎಂದೂ ಹೇಳುವರು. ನಮ್ಮ ಸೀಮೆಯಲ್ಲಿ ಈ ವಿದ್ಯೆಯ ಗುರುಗಳು ತಲೆತಲಾಂತರದಿಂದ ಬೆಸ್ತರು. ಅವರಲ್ಲಿ ಹಿರಿಯನೊಬ್ಬನ ಬಳಿಗೆ ಮಗುವನ್ನು ಕರಕೊಂಡು ಹೋಗಿ, “ಅಣ್ಣಾ, ಇಲ್ಲಿ ನಮ್ಮ ಮಗು ಒಂದು ಗಾಳ ಹಾಕಬಹುದೋ?” ಎಂದು ಮಗುವಿನ ಎದುರಿಗೇ ಕೇಳಿರಿ. ಹೆಚ್ಚಾಗಿ ಅವನು ಬೇಡವೆನ್ನನು. ಹುಳು ಚುಚ್ಚುವ ಬಗೆಯನ್ನು ತಾನೇ ತೋರಿಸಿಕೊಟ್ಟರೂ ಕೊಡುವನು. ಬೇಡವೆಂದರೆ ನಮಸ್ಕಾರ ಹೇಳಿ ಬೇರೆ ಕಡೆಗೆ ಹೋಗಿರಿ. ಹಾಗೆಯೇ ನಂಜನಗೂಡಿನ ಶ್ರೀಕಂಠೇಶ್ವರ ಗುಡಿಯ ಸ್ನಾನಘಟ್ಟ, ನರಸೀಪುರದ ಗುಂಜಾನರಸಿಂಹ ಗುಡಿಯ ಸೋಪಾನಗಳು, ಇಂಥ ಸ್ಥಳಗಳ ಹತ್ತಿರ ನಮ್ಮವರು ಗಾಳದ ಕೋಲನ್ನು ಬಿಚ್ಚಲೇಬಾರದು. ನೆರೆಯವರು ಭಕ್ತಿಯಿಂದ ಮಿಂದು ಮೀನಿಗೆ ಕಾಳು ಹಾಕುವ ಕಡೆಯಲ್ಲಿ ಮೀನು ಹಿಡಿದರೆ, ನಾವು ಸಾರುವ ಸುವಾರ್ತೆಗೆ ಕಿವಿಗೊಡುವವರು ಯಾರು? ಪೇತ್ರನು ತೆರಿಗೆ ಕೊಟ್ಟದ್ದು ಇಂಥ ಕಾರಣಕ್ಕಾಗಿಯೇ.

ಸಲಕರಣೆಯ ವಿಷಯದಲ್ಲಿ ಹೆಚ್ಚು ಬರೆಯುವ ಅವಶ್ಯವಿಲ್ಲ. ಮಗುವಿನ ಎತ್ತರಕ್ಕೆ ಒಂದೂವರೆಯಷ್ಟು ಉದ್ದದ ಹಗುರವಾದ ಬಿದಿರು, ಅಷ್ಟೇ ಉದ್ದದ ನೈಲಾನ್ ದಾರ, ಜೋಳದ ದಂಟಿನ ತಿರುಳಿನಿಂದ ಮಾಡಿದ ಬೆಂಡು, ಅಂಗಡಿಯಲ್ಲಿ ಸಿಕ್ಕುವುದರಲ್ಲೆಲ್ಲಾ ಚಿಕ್ಕದಾದ ಗಾಳ. ಗಾಳದ ತುದಿಯಲ್ಲಿ ಹಿಮ್ಮುಖವಾಗಿರುವ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಬೇಕು. ಆಗ ಅದು ಮೀನಿನ ಬಾಯಿಂದಲೂ ಮಗುವಿನ ಬೆರಳಿನಿಂದಲೂ ಸುಲಭವಾಗಿ ಹೊರಬರುವದು. ಮುಳ್ಳಿರುವ ಗಾಳವು ಮಾಂಸದೊಳಗೆ ಹೊಕ್ಕರೆ ಎಳೆಯಬೇಡಿರಿ, ಆಸ್ಪತ್ರೆಗೆ ಹೋಗಿರಿ. ಎರೆಹುಳುವನ್ನು ಬಾಳೆಯ ತೋಟದ ತೇವವಾದ ಮಣ್ಣಿನಲ್ಲಿ ಹಿಂದಿನ ಸಾಯಂಕಾಲ ಮಗುವೇ ಅಗೆಯಲಿ. ಅರ್ಧ ಸಂತೋಷವು ಅದರಲ್ಲಿಯೇ ಇದೆ. ಹುಳುವನ್ನು ಮುಟ್ಟಲಾರೆನೆಂದರೆ ರಾಗಿಮುದ್ದೆಯ ಒಂದು ಚೂರನ್ನು ಉಂಡೆಮಾಡಿ ಚುಚ್ಚಬಹುದು.

ತಂದೆಯಾದವನು ತನ್ನ ಗಾಳವನ್ನು ಮನೆಯಲ್ಲಿ ಬಿಟ್ಟು ಹೋಗಬೇಕು. ಇದು ಅನೇಕರಿಗೆ ಕಷ್ಟ. ಎರಡು ಕೋಲು ಒಯ್ದವನ ಕಣ್ಣು ತನ್ನ ಬೆಂಡಿನ ಮೇಲಿರುವದೇ ಹೊರತು ಮಗುವಿನ ಮೇಲಿರದು. ಕೋಲನ್ನು ಮಗುವಿನ ಕೈಯಿಂದ ಕಿತ್ತುಕೊಂಡು, ಹೀಗೆ ಎಳೆಯಬೇಕೆಂದು ತಾನೇ ಎಳೆಯುವ ತಂದೆಗಳನ್ನು ನಾವು ಕೆರೆಯ ಏರಿಯ ಮೇಲೆ ಬಹಳ ಸಾರಿ ಕಂಡಿದ್ದೇವೆ. ಮೀನು ತಪ್ಪಿಸಿಕೊಂಡರೆ ತಪ್ಪಿಸಿಕೊಳ್ಳಲಿ. ದಾರ ಸಿಕ್ಕಾದರೆ ಬಿಡಿಸುವದೂ ಪಾಠವೇ. ಐದು ವರುಷದ ಮಗು ಬೆಂಡಿನ ಮೇಲೆ ಕಣ್ಣಿಟ್ಟು ಕೂಡ್ರುವದು ಹತ್ತು ನಿಮಿಷ. ಆಮೇಲೆ ಕಲ್ಲು ಎಸೆಯುವದು, ಕಪ್ಪೆ ಹುಡುಕುವದು, ಹಸಿವೆನ್ನುವದು. ಬಯ್ಯಬೇಡಿರಿ. ಒಂದು ತಾಸಿನೊಳಗೆ ಮನೆಗೆ ಹೊರಟರೆ ಮಗುವಿಗೆ ಇನ್ನೂ ಬೇಕೆನಿಸಿರುವದು. ಮೂರು ತಾಸು ಕೂಡ್ರಿಸಿದರೆ ಆ ಮಗು ಮತ್ತೊಂದು ಸಾರಿ ಬರಲಿಕ್ಕಿಲ್ಲ. ಹೆಣ್ಣು ಮಗುವನ್ನು ಕರಕೊಂಡು ಹೋಗಬಹುದೋ ಎಂದು ಕೆಲವರು ಕೇಳುತ್ತಾರೆ. ಹೋಗಬಾರದೆಂದು ಯಾವ ವಚನವೂ ನಮಗೆ ಗೊತ್ತಿಲ್ಲ.

ಇಲ್ಲಿಯೇ ಎರಡು ಮಾತು ಹೇಳಿಬಿಡುವೆವು. ಸೀಸೆಯನ್ನು ಮಡಿಲಲ್ಲಿಟ್ಟು ಮೀನಿಗೆ ಹೋಗುವ ಗಂಡಸರ ಗುಂಪಿನೊಳಗೆ ಮಗುವನ್ನು ಸೇರಿಸಕೂಡದು. ಮತ್ತು ಕರ್ತನ ದಿನದ ಬೆಳಗಿನ ಆರಾಧನೆಯನ್ನು ತಪ್ಪಿಸಿ ಕೆರೆಗೆ ಹೋಗಬಾರದು. ವಾರಕ್ಕೆ ಒಂದೇ ರಜೆಯುಳ್ಳ ತಂದೆಯು ಆ ದಿನದ ಇಳಿಹೊತ್ತಿನಲ್ಲಿ ಮಗುವಿನ ಸಂಗಡ ನೀರಿನ ಬಳಿ ಕೂತರೆ ಅದನ್ನು ದೋಷವೆಂದು ನಾವಾದರೋ ಹೇಳಲಾರೆವು.

ಮೀನು ಸಿಕ್ಕಿತೆಂದು ಇಟ್ಟುಕೊಳ್ಳಿರಿ. ಮಗು ಕುಣಿಯುವದು, ಕೂಗುವದು. ಆಮೇಲೆ ಹುಲ್ಲಿನ ಮೇಲೆ ಬಾಯಿ ತೆರೆದು ಮುಚ್ಚುತ್ತಾ ಇರುವ ಆ ಜೀವವನ್ನು ನೋಡಿ ಸುಮ್ಮನಾಗುವದು. ಬಹುಮಟ್ಟಿಗೆ ಆಗಲೇ ಆ ಪ್ರಶ್ನೆ ಬರುವದು: “ಅಪ್ಪಾ, ಇದಕ್ಕೆ ನೋಯುವದಿಲ್ಲವೋ?” ಈ ಪಾಠವನ್ನೆಲ್ಲಾ ನಾವು ಬರೆಯುತ್ತಿರುವದು ಈ ಒಂದು ಗಳಿಗೆಗೋಸ್ಕರ. ಕೆಲವು ತಂದೆಗಳು ನಗುವರು. ಕೆಲವರು ಮೀನಿಗೆ ನೋವೆಲ್ಲಿ ಬಂತು ಎನ್ನುವರು. ಇನ್ನು ಕೆಲವರು, ಗಂಡುಮಗನಾಗಿ ಇದಕ್ಕೆ ಅಳುತ್ತೀಯೋ ಎಂದು ಹಳಿಯುವರು. ಈ ಮೂವರೂ ಮಗುವಿನೊಳಗೆ ದೇವರು ಹಚ್ಚಿದ ಒಂದು ದೀಪವನ್ನು ಊದಿಬಿಡುತ್ತಾರೆ.

ನಿಜವನ್ನೇ ಹೇಳಬೇಕು. 2003ರಲ್ಲಿ ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯ ವಿದ್ವಾಂಸರು ಟ್ರೌಟ್ ಎಂಬ ಮೀನನ್ನು ಪರೀಕ್ಷಿಸಿ, ಅದರ ತಲೆಯಲ್ಲಿಯೂ ತುಟಿಗಳ ಸುತ್ತಲೂ ಗಾಯವನ್ನು ಅರಿಯುವ ನರಗಳಿವೆಯೆಂದು ತೋರಿಸಿದರು. ಮೀನಿನ ನೋವು ನಮ್ಮ ನೋವಿನಂತೆಯೇ ಎಂಬ ವಿಷಯದಲ್ಲಿ ಪಂಡಿತರು ಇನ್ನೂ ವಾದಿಸುತ್ತಾರೆ. ವಾದಿಸಲಿ. ಹಳ್ಳಿಯ ಮಗು ಕಣ್ಣಿನಿಂದ ಕಂಡದ್ದನ್ನು ಅಲ್ಲವೆನ್ನುವದಕ್ಕೆ ನಮ್ಮಲ್ಲಿ ಆಧಾರವಿಲ್ಲ. ಆದ್ದರಿಂದ ತಂದೆಯು, “ನೋಯುತ್ತದೆ, ಕಂದಾ. ಅದಕ್ಕೇ ಬೇಗ ಮುಗಿಸಬೇಕು” ಎಂದು ಹೇಳಿ, ಮೀನನ್ನು ಒದ್ದೆಯಾದ ಬಟ್ಟೆಯಲ್ಲಿ ಹಿಡಿದು, ಕಣ್ಣುಗಳ ಹಿಂದಣ ತಲೆಯ ಮೇಲೆ ಗಟ್ಟಿಯಾದ ಕೋಲಿನಿಂದ ಒಂದೇ ಪೆಟ್ಟು ಕೊಡಲಿ. ಜೀವವಿರುವ ಮೀನಿನ ಕಿವಿರಿಗೆ ಬಳ್ಳಿ ಪೋಣಿಸಿ ಮನೆಯ ತನಕ ತೂಗಾಡಿಸಿಕೊಂಡು ಬರುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಬಹಳ ದಿನದಿಂದ ಉಂಟು. ಹಳೆಯದಾದ ಮಾತ್ರಕ್ಕೆ ಅದು ಒಳ್ಳೆಯದಾಗದು.

ಸತ್ಯವೇದದಲ್ಲಿ ದೇವರು ನುಡಿದ ಮೊದಲನೆಯ ಆಶೀರ್ವಾದವು ಮನುಷ್ಯನಿಗಾದದ್ದಲ್ಲವೆಂಬದನ್ನು ಎಷ್ಟು ಮಂದಿ ಗಮನಿಸಿದ್ದಾರೋ ತಿಳಿಯದು. ಆದಿಕಾಂಡ 1:22ನ್ನು ತೆರೆದು ನೋಡಿರಿ. ಐದನೆಯ ದಿನದಲ್ಲಿ ನೀರಿನ ಜೀವಿಗಳಿಗೂ ಪಕ್ಷಿಗಳಿಗೂ ಆ ಆಶೀರ್ವಾದವಾಯಿತು. ಮನುಷ್ಯನು ಇನ್ನೂ ಉಂಟಾಗಿರಲಿಲ್ಲ. ಅವುಗಳನ್ನು ಆಹಾರವಾಗಿ ತಿನ್ನುವದಕ್ಕೆ ಅಪ್ಪಣೆಯಾದದ್ದು ಜಲಪ್ರಳಯದ ತರುವಾಯ, ಒಂಭತ್ತನೆಯ ಅಧ್ಯಾಯದಲ್ಲಿ. ಅಲ್ಲಿಯೂ ರಕ್ತದ ವಿಷಯದಲ್ಲಿ ಒಂದು ಕಟ್ಟನ್ನು ಹಾಕಿಯೇ ಅಪ್ಪಣೆಯಾಯಿತು. ಹೀಗಿರುವದರಿಂದ ಮೀನನ್ನು ತಿನ್ನುವದು ಪಾಪವಲ್ಲವೆಂದು ಮಗುವಿಗೆ ಧೈರ್ಯವಾಗಿ ಹೇಳಬಹುದು. ಆಶೀರ್ವಾದ ಹೊಂದಿದ್ದನ್ನು ಕೈಯಲ್ಲಿ ಹಿಡಿದಿದ್ದೇವೆಂದೂ ಹೇಳಬೇಕು. ಬಿಟ್ಟುಬಿಡೋಣವೆಂದು ಮಗು ಬೇಡಿಕೊಂಡರೆ ಬಿಟ್ಟುಬಿಡಿರಿ. ಒಂದು ಹೊತ್ತಿನ ಸಾರು ಹೋದರೆ ಹೋಯಿತು.

ಎಲ್ಲಾ ಮೀನೂ ಮಗುವಿನ ಕೈಗೆ ತಕ್ಕದ್ದಲ್ಲ. ಚೇಳುಮೀನಿನ ಮಗ್ಗುಲ ಮುಳ್ಳು ಚುಚ್ಚಿದರೆ ಬಹಳ ಉರಿಯುವದು. ತಾಳಬಹುದಾದಷ್ಟು ಬಿಸಿಯಾದ ನೀರಿನಲ್ಲಿ ಆ ಬೆರಳನ್ನು ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಇಟ್ಟರೆ ನೋವು ಇಳಿಯುವದು. ಆದರೆ ಮಗುವಿನ ಕೈ ಬೇಯದಂತೆ ತಂದೆಯು ತನ್ನ ಕೈಯನ್ನು ಮೊದಲು ಅದ್ದಿ ನೋಡಬೇಕು. ಹಾವುಮೀನು ಗಾಳಕ್ಕೆ ಬಿದ್ದರೆ ಮಗು ಹೆದರಿ ಓಡುವದು ಸಹಜ. ಆಗ ಲೂಕ 11:11ನ್ನು ಜ್ಞಾಪಕಕ್ಕೆ ತರಬಹುದು. ಮೀನು ಕೇಳುವ ಮಗನಿಗೆ ಯಾವ ತಂದೆಯೂ ಹಾವನ್ನು ಕೊಡನೆಂಬ ಆ ಮಾತನ್ನು ಗಲಿಲಾಯದ ಬೆಸ್ತರು ನಗುತ್ತಾ ಕೇಳಿರಬಹುದು. ಹಾವಿನಂಥ ಮೀನು ಬಲೆಗೆ ಬೀಳುವದನ್ನು ಅವರೂ ಕಂಡವರೇ.

ಮಳೆಗಾಲದ ಮೊದಲಲ್ಲಿ ಕೆರೆಯ ಅಂಚಿನ ಜೊಂಡಿನ ಹತ್ತಿರ ಕೆಂಪಗೆ ಒಂದು ಬೊಗಸೆ ಕುಂಕುಮವನ್ನು ಚೆಲ್ಲಿದ ಹಾಗೆ ಮರಿಗಳ ಗುಂಪು ಮೇಲೆ ಬಂದು ಬಾಯಾಡಿಸಿ ಮುಳುಗುವದನ್ನು ನೋಡಿದ್ದೀರಷ್ಟೆ. ಅವು ಕೊರವ ಮೀನಿನ ಮರಿಗಳು. ಅವುಗಳ ಕೆಳಗೆ ತಂದೆತಾಯಿಗಳು ಕಾವಲಿದ್ದು ಹತ್ತಿರ ಬಂದದ್ದನ್ನೆಲ್ಲಾ ಅಟ್ಟುವವು. ಹೀಗೆ ಕೆಲವು ವಾರ ಮರಿಗಳನ್ನು ಬಿಟ್ಟಗಲುವದಿಲ್ಲ. ಇದನ್ನು ಬಲ್ಲ ಗಾಳದವರು ಆ ಕೆಂಪು ಗುಂಪಿನ ನಡುವೆಯೇ ಗಾಳವನ್ನು ಬಿಡುವರು. ಹಸಿವಿನಿಂದಲ್ಲ, ಮಕ್ಕಳನ್ನು ಕಾಯಬೇಕೆಂಬ ಕೋಪದಿಂದಲೇ ದೊಡ್ಡ ಮೀನು ಅದನ್ನು ಕಚ್ಚಿ ಸಿಕ್ಕಿಬೀಳುವದು. ಬಹಳ ಸುಲಭವಾದ ಬೇಟೆ. ಅದನ್ನು ಎತ್ತಿದ ಮೇಲೆ ಕಾವಲಿಲ್ಲದ ಮರಿಗಳು ಬೇರೆ ಮೀನುಗಳ ಪಾಲಾಗುವವು. ಒಂದು ಗಾಳಕ್ಕೆ ನೂರಾರು ಜೀವ ಹೋಗುವದು.

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಮೋಶೆಯು ಹಕ್ಕಿಯ ಗೂಡಿನ ವಿಷಯವಾಗಿ ಕೊಟ್ಟ ಆಜ್ಞೆಯನ್ನು ಇಲ್ಲಿ ಮಗುವಿಗೆ ಓದಿಹೇಳಿರಿ. ಮರಿಗಳ ಮೇಲೆ ಕೂತ ತಾಯಿಯನ್ನು ಹಿಡಿಯಕೂಡದು, ಅದನ್ನು ಬಿಟ್ಟುಬಿಡಬೇಕು ಎಂಬುದು ಅದರ ತಾತ್ಪರ್ಯ. ಸಣ್ಣ ಆಜ್ಞೆ, ಯೆಹೂದ್ಯರ ಪಂಡಿತರು ಸಹ ಇದನ್ನು ಆಜ್ಞೆಗಳಲ್ಲೆಲ್ಲಾ ಹಗುರವಾದದ್ದೆಂದು ಎಣಿಸುತ್ತಿದ್ದರು. ಆದರೆ ತಂದೆತಾಯಿಗಳನ್ನು ಸನ್ಮಾನಿಸುವವನಿಗೆ ಇಟ್ಟ ವಾಗ್ದಾನದಂಥದ್ದೇ, ಮೇಲಾಗುವದೆಂದೂ ಬಹುಕಾಲ ಬಾಳುವದೆಂದೂ, ಈ ಸಣ್ಣ ಆಜ್ಞೆಯ ಸಂಗಡಲೂ ಇಟ್ಟಿರುವದು ಯಾಕೆ? ಮರಿಗಳ ಮೇಲಿನ ಪ್ರೀತಿಯನ್ನೇ ಉರುಲನ್ನಾಗಿ ಮಾಡಿಕೊಳ್ಳುವವನ ಹೃದಯವು ನಿಧಾನವಾಗಿ ಕಲ್ಲಾಗುವದೆಂದು ನಾವು ತಿಳಿಯುತ್ತೇವೆ. ಕೆಂಪು ಗುಂಪನ್ನು ಕಂಡಲ್ಲಿ ಗಾಳವನ್ನು ಸುತ್ತಿಟ್ಟು, ಮಗುವನ್ನು ಹೆಗಲ ಮೇಲೆ ಕೂರಿಸಿ ತೋರಿಸಿರಿ. ಜಿಲೇಬಿಯ ತಾಯಿಯಾದರೋ ಮೊಟ್ಟೆಗಳನ್ನು ಬಾಯೊಳಗೆ ಇಟ್ಟುಕೊಂಡು ಮರಿಮಾಡುವದು. ಅಷ್ಟು ದಿನವೂ ಉಪವಾಸವಿರುವದು. ಇಂಥ ಸಂಗತಿಗಳನ್ನು ಕೇಳಿದ ಮಗು ಕೆರೆಯನ್ನು ಬರೀ ನೀರೆಂದು ಮತ್ತೆ ನೋಡದು.

ಹಿಡಿದದ್ದರಲ್ಲಿ ಯಾವದನ್ನು ಬಿಡಬೇಕೆಂದು ಕೇಳಿದರೆ, ಹೊಟ್ಟೆ ಉಬ್ಬಿದ ಮೊಟ್ಟೆಮೀನನ್ನೂ ಕೊರವ, ಗೆಂಡೆ ಮುಂತಾದವುಗಳ ಎಳೆಯ ಮರಿಗಳನ್ನೂ ಕೈಯನ್ನು ನೀರಿನಲ್ಲಿ ಒದ್ದೆಮಾಡಿ ಹಿಡಿದು ಬಿಡತಕ್ಕದ್ದು. ಒಣಗಿದ ಕೈಗೆ ಮೀನಿನ ಮೈಯ ಲೋಳೆ ಹತ್ತಿಬಂದು ಅದಕ್ಕೆ ರೋಗ ತಗಲುವದು. ಜಿಲೇಬಿಯನ್ನು ಮಾತ್ರ ಚಿಕ್ಕದಾದರೂ ಮನೆಗೆ ತರಬಹುದು. ಅದರಿಂದ ಕೆರೆಗೆ ಲಾಭವೇ.

ನಮ್ಮ ಸೀಮೆಯ ಒಂದು ಮೀನಿನ ಕಥೆಯನ್ನು ಹುಡುಗರಿಗೆ ಹೇಳದೆ ಇರಬಾರದು. ಬಿಳಿಮೀನು ಎಂದು ಹಿರಿಯರು ಕರೆಯುತ್ತಿದ್ದ, ಬೆನ್ನಿನಲ್ಲಿ ಡುಬ್ಬವುಳ್ಳ ಮಹಶೀರ್ ಕಾವೇರಿಯ ನೀರಿನ ಹೊರತು ಲೋಕದಲ್ಲಿ ಬೇರೆಲ್ಲಿಯೂ ಹುಟ್ಟಿದ್ದಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ದೊರೆಯೊಬ್ಬರು ಕಬಿನಿಯಲ್ಲಿ ಗಾಳದಿಂದ ಎತ್ತಿದ ಬಿಳಿಮೀನು 120 ಪೌಂಡು ತೂಗಿತು. ಅಂದರೆ ಸುಮಾರು 54 ಕಿಲೋ, ಒಬ್ಬ ಆಳಿನ ಭಾರ. ಅಂಥ ಮೀನು ಈಗ ನಮ್ಮ ಹೊಳೆಗಳಲ್ಲಿ ಕಾಣಸಿಕ್ಕುವದೇ ಕಷ್ಟ. ವಿದ್ವಾಂಸರು 2018ರಲ್ಲಿ ಅದಕ್ಕೆ ತಕ್ಕ ಶಾಸ್ತ್ರೀಯ ಹೆಸರನ್ನು ಗೊತ್ತುಮಾಡಿದರು. ಅದೇ ವರುಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯ ಕಟ್ಟಕಡೆಯ ಮೆಟ್ಟಲಲ್ಲಿ ಸೇರಿತು. ಅಣೆಕಟ್ಟುಗಳು, ಮರಳಿನ ಅಗೆತ, ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್, ಇವೆಲ್ಲಾ ಅದಕ್ಕೆ ಕಾರಣಗಳು. ಮಡುಗಳಲ್ಲಿ ಸಿಡಿಸಿದ ಮದ್ದೂ ಒಂದು ಕಾರಣ. ಸಿಡಿಮದ್ದಿನಿಂದಾಗಲಿ ವಿಷದಿಂದಾಗಲಿ ಮೀನನ್ನು ಕೊಲ್ಲುವದು ಕಾಯಿದೆಯ ಪ್ರಕಾರ ಅಪರಾಧ. ಈಗ ಬ್ಯಾಟರಿಯ ಕರೆಂಟನ್ನು ನೀರಿಗೆ ಬಿಡುವವರೂ ಹುಟ್ಟಿಕೊಂಡಿದ್ದಾರೆ. ಅಂಥವರ ಮೀನನ್ನು ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಳ್ಳುವ ಮನೆಗಳು ನಮ್ಮ ಸಭೆಗಳಲ್ಲಿ ಇದ್ದರೆ, ಅಂಥ ಮನೆಯ ಮಗುವಿಗೆ ಮೇಲಣ ಪಾಠವನ್ನೆಲ್ಲಾ ಹೇಳಿ ಪ್ರಯೋಜನವೇನು?

ಸಿಕ್ಕಿದ ಒಂದು ಮೀನನ್ನು ಮನೆಗೆ ತಂದಾಗ, ಇಷ್ಟಕ್ಕೆ ಒಲೆ ಹಚ್ಚಬೇಕೋ ಎಂದು ತಾಯಿಯು ಹೇಳದಿರಲಿ. ಅದನ್ನು ಬೇರೆಯಾಗಿ ಹುರಿದು, ಮುಳ್ಳು ತೆಗೆದು, ಮನೆಯವರಿಗೆಲ್ಲಾ ಮಗುವಿನ ಕೈಯಿಂದಲೇ ಒಂದೊಂದು ಚೂರು ಕೊಡಿಸಲಿ, ಅಜ್ಜಿಗೆ ಮೊದಲು. ಊಟದ ಸ್ತೋತ್ರವನ್ನು ಆ ದಿನ ಮಗುವೇ ಹೇಳಲಿ.

ಏನೂ ಸಿಕ್ಕದಿದ್ದರೆ? ಇದೇ ಹೆಚ್ಚಾಗಿ ನಡೆಯುವ ಸಂಗತಿ. ಬರುವ ದಾರಿಯಲ್ಲಿ ಪೇಟೆಯಿಂದ ಮೀನು ಕೊಂಡುತಂದು, ನಮ್ಮ ಮಗುವೇ ಹಿಡಿದದ್ದೆಂದು ಮನೆಯಲ್ಲಿ ಹೇಳುವ ತಂದೆಗಳುಂಟು. ಮಗುವಿಗೆ ಸಂತೋಷವಾಗಲೆಂದು ಹೇಳಿದರೂ ಅದು ಸುಳ್ಳು. ಸುಳ್ಳೆಂದು ಮಗುವಿಗೆ ಗೊತ್ತಿರುವದು. ಯೋಹಾನ 21ನೆಯ ಅಧ್ಯಾಯದಲ್ಲಿ ಏಳು ಮಂದಿ ಶಿಷ್ಯರು ರಾತ್ರಿಯೆಲ್ಲಾ ಪ್ರಯಾಸಪಟ್ಟು ಬರಿಗೈಯಲ್ಲಿದ್ದರು. ದಡದಿಂದ ಏನಾದರೂ ಸಿಕ್ಕಿತೋ ಎಂದು ಕೇಳಲ್ಪಟ್ಟಾಗ ಅವರು ಇಲ್ಲವೆಂದು ಇದ್ದದ್ದನ್ನೇ ಹೇಳಿದರು. ಬಲೆ ತುಂಬಿದ್ದು ಆಮೇಲೆ. ಮಗುವೂ ಅಂಗಳದಲ್ಲಿ ನಿಂತು, ಇವತ್ತು ಒಂದೂ ಸಿಕ್ಕಲಿಲ್ಲವೆಂದು ತನ್ನ ಬಾಯಿಂದಲೇ ತಾಯಿಗೆ ಹೇಳಲಿ.

ಗಾಳವನ್ನು ಒರಸಿ, ಬೆಂಡಿಗೆ ಚುಚ್ಚಿ, ಎಟಕದ ಹಾಗೆ ತೊಲೆಯ ಮೇಲೆ ಇಡಿರಿ. ಮತ್ತೆ ಯಾವಾಗ ಹೋಗೋಣವೆಂದು ಮಗು ಕೇಳುವದು. ನೋಡೋಣ ಎಂದು ಹೇಳದೆ, ಒಂದು ದಿನವನ್ನು ಗೊತ್ತುಮಾಡಿ ಹೇಳಿರಿ. ಆ ದಿನ ಕೂಲಿಗೆ ಕರೆ ಬಂದರೂ ಇಲ್ಲವೆನ್ನಬಹುದಾದಂಥ ದಿನವನ್ನೇ ಗೊತ್ತುಮಾಡಿರಿ.